ಹೊಲದ ಮನೆಯ ವೈರ್‌ಲೆಸ್ ಬ್ರಿಡ್ಜ್: ಈ ಕಡೆ 150ರ ಫೈಬರ್, ಆ ಕಡೆ 9 ದಾಟುತ್ತಿಲ್ಲ

ಕಾರಟಗಿ_ಕ್ಯಾಂಪ್

ಕಾರಟಗಿ ಹತ್ತಿರದ ಕ್ಯಾಂಪಿನಲ್ಲಿ ಮನೆ. 300 ಮೀಟರ್ ಆಚೆ ಹೊಲದ ಮನೆ, ಅದಕ್ಕೆ ಅಂಟಿಕೊಂಡೇ ಭತ್ತದ ಗೋದಾಮು. ಮನೆಗೆ 150 ಎಂಬಿಪಿಎಸ್ ಫೈಬರ್ ಬಂದಿದೆ. ರೂಟರಿಗೆ ಲ್ಯಾಪ್‌ಟಾಪನ್ನು ವೈರಿನಲ್ಲಿ ಜೋಡಿಸಿದರೆ 145ರ ಆಸುಪಾಸು ಸಿಗುತ್ತದೆ. ಹೊಲದ ಮನೆಯಲ್ಲಿ ಫೋನ್ ಹಿಡಿದು ನೋಡಿದರೆ 6ರಿಂದ 9 ಅಷ್ಟೇ. ಸಂಜೆ ಗಾಳಿ ಎದ್ದರೆ ಇನ್ನೂ ಇಳಿಯುತ್ತದೆ, ಕ್ಯಾಮೆರಾ ಚಿತ್ರ ನಿಂತು ನಿಂತು ಬರುತ್ತದೆ.

ಎರಡು ಮನೆಗಳನ್ನು ಕೇಬಲ್ ಇಲ್ಲದೆ ಜೋಡಿಸುವ ಬ್ರಿಡ್ಜ್ ಹೀಗಿದೆ. ಎರಡೂ ಕಡೆ ಒಂದೇ ಮಾದರಿಯ 5 ಗಿಗಾಹರ್ಟ್ಸ್ ಹೊರಾಂಗಣ ಸಿಪಿಇ (ಆಂಟೆನಾ ಸೇರಿರುವ ವೈಫೈ ಸಾಧನ): 13 ಡಿಬಿಐ ಆಂಟೆನಾ (ಸಿಗ್ನಲನ್ನು ಒಂದೇ ದಿಕ್ಕಿಗೆ ಕೂಡಿಸುವ ಬಲದ ಅಳತೆ), 2×2 (ಒಟ್ಟಿಗೆ ಎರಡು ಡೇಟಾ ಸ್ಟ್ರೀಮ್), ಡಬ್ಬಿಯ ಮೇಲೆ 300 ಎಂಬಿಪಿಎಸ್, ಈಥರ್ನೆಟ್ ಪೋರ್ಟ್ 100 ಎಂಬಿಪಿಎಸ್, 24 ವೋಲ್ಟ್ ಪಿಒಇ (ಈಥರ್ನೆಟ್ ಕೇಬಲಿನಲ್ಲೇ ಕರೆಂಟ್). ಮನೆ ಕಡೆಯದು ಮಾಳಿಗೆ ಮೇಲಿನ ಪೈಪಿಗೆ, ನೆಲದಿಂದ 7 ಮೀಟರ್. ಹೊಲದ ಕಡೆಯದು ತಗಡಿನ ಅಂಚಿನ ಕೆಳಗಿರುವ ಆ್ಯಂಗಲ್‌ಗೆ, 4 ಮೀಟರ್. ನಡುವೆ ಭತ್ತದ ಗದ್ದೆ. ಹೊಲದ ಮನೆಯಿಂದ 100 ಮೀಟರ್ ಈಚೆ ಉಪಕಾಲುವೆಯ ಏರಿ, ಏರಿ ಮೇಲೆ ಬಳ್ಳಾರಿ ಜಾಲಿ.

ಸ್ಟೇಟಸ್ ಪುಟದಲ್ಲಿ ಕಾಣುವುದು: ಮನೆ ಕಡೆ ಸಿಗ್ನಲ್ -68 ಡಿಬಿಎಂ, ಹೊಲದ ಕಡೆ -74 (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು). ಟಿಎಕ್ಸ್ (ಕಳಿಸುವ ವೇಗ) 54, ಆರ್‌ಎಕ್ಸ್ (ಪಡೆಯುವ ವೇಗ) 54, ಕೆಲವೊಮ್ಮೆ 48. ಚಾನೆಲ್ ಆಟೋ, ಅಗಲ 40 ಮೆಗಾಹರ್ಟ್ಸ್. ಹೊಲದ ಮನೆಯ ಸಿಪಿಇಯಿಂದ 30 ಮೀಟರ್ ಕೇಬಲ್ ಒಳಗೆ ಬಂದು, 2.4 ಗಿಗಾಹರ್ಟ್ಸ್ ಮಾತ್ರ ಇರುವ ಹಳೆಯ ರೂಟರಿಗೆ ಸೇರುತ್ತದೆ. ಗೋದಾಮಿನಲ್ಲಿ ನಾಲ್ಕು ಕ್ಯಾಮೆರಾ ಇವೆ, ರೆಕಾರ್ಡ್ ಮಾಡುವ ಎನ್‌ವಿಆರ್ ಮಾತ್ರ ಮನೆಯಲ್ಲಿದೆ.

ಸಿಪಿಇಗಳನ್ನೇ ಬದಲಿಸಬೇಕೋ, ಸೆಟ್ಟಿಂಗ್‌ನಲ್ಲೇ ಸರಿಹೋಗುತ್ತದೋ? ಎಲ್ಲಿಂದ ಹಿಡಿಯಬೇಕು ತಿಳಿಸಿ.

ಸಿಂಧನೂರು_ಲಿಂಕ್

ಅಳತೆಗಳನ್ನು ಕೊಟ್ಟಿದ್ದೀರಿ, ಅರ್ಧ ಕೆಲಸ ಆದಂತೆ. ಹೊಸದೇನನ್ನೂ ಕೊಳ್ಳಬೇಡಿ.

ಫೋನಿನಲ್ಲಿ ನೋಡಿದ 6–9 ಬ್ರಿಡ್ಜ್‌ನ ವೇಗವೇ ಅಲ್ಲ. ಇಂಟರ್ನೆಟ್, ಬ್ರಿಡ್ಜ್, 30 ಮೀಟರ್ ಕೇಬಲ್, ಹಳೆ ರೂಟರ್, ಅದರ ವೈಫೈ, ಎಲ್ಲ ಸೇರಿದ ಮೊತ್ತ ಅದು. ಒಂದೊಂದು ತುಂಡನ್ನೂ ಬೇರೆ ಬೇರೆ ಅಳೆಯಬೇಕು. ಮನೆಯ ರೂಟರಿಗೆ ವೈರಿನಲ್ಲಿ ಒಂದು ಕಂಪ್ಯೂಟರ್ ಜೋಡಿಸಿ ಅದರಲ್ಲಿ ಐಪರ್ಫ್3 (ಎರಡು ಕಂಪ್ಯೂಟರ್ ನಡುವಿನ ವೇಗ ಅಳೆಯುವ ತಂತ್ರಾಂಶ) ಸರ್ವರ್ ಹಚ್ಚಿ. ಹೊಲದ ಮನೆಯಲ್ಲಿ ಹಳೆ ರೂಟರನ್ನು ಬಿಚ್ಚಿ, ಪಿಒಇ ಅಡಾಪ್ಟರಿನ ಲ್ಯಾನ್ ಪೋರ್ಟಿಗೆ ಲ್ಯಾಪ್‌ಟಾಪನ್ನು ನೇರ ಜೋಡಿಸಿ ಕ್ಲೈಂಟ್ ನಡೆಸಿ. 30 ಸೆಕೆಂಡ್ ಒಂದು ದಿಕ್ಕು, ರಿವರ್ಸ್ ಆಯ್ಕೆ ಕೊಟ್ಟು ಇನ್ನೊಂದು ದಿಕ್ಕು. ಮೊದಲು ಕ್ಯಾಮೆರಾಗಳ ಕೇಬಲ್ ಕಿತ್ತು ಅಳೆಯಿರಿ, ಆಮೇಲೆ ಜೋಡಿಸಿ ಮತ್ತೆ ಅಳೆಯಿರಿ. ಸಿಪಿಇ ಒಳಗೇ ಇರುವ ಸ್ಪೀಡ್ ಟೆಸ್ಟ್‌ನ್ನು ನೆಚ್ಚಿಕೊಳ್ಳಬೇಡಿ. ಅದರ ಸಣ್ಣ ಪ್ರೊಸೆಸರೇ ಡೇಟಾ ಹುಟ್ಟಿಸಿ, ಅದೇ ಕಳಿಸಿ, ಅದೇ ಎಣಿಸಬೇಕು. ಹಾಗಾಗಿ ಫಲಿತಾಂಶ ನಿಜಕ್ಕಿಂತ ಕಡಿಮೆ ಬರುವುದೇ ಹೆಚ್ಚು.

ನನ್ನ ಕಣ್ಣು ನಿಂತದ್ದು ಆ 54ರ ಮೇಲೆ. 2×2, 40 ಮೆಗಾಹರ್ಟ್ಸ್ ಲಿಂಕ್‌ನಲ್ಲಿ 54 ಎರಡು ಕಾರಣಕ್ಕೆ ಬರಬಹುದು. ಸಿಗ್ನಲ್ ತೀರಾ ಕೆಟ್ಟು, 11ಎನ್ ಎಂಬ ವೈಫೈ ಪೀಳಿಗೆಯ ಕೆಳಗಿನ ಮೆಟ್ಟಿಲಿಗೆ ಇಳಿದಿರಬಹುದು. ಹಾಗಿದ್ದರೆ 27, 54, 81, 108 ಎಂದು ಮೇಲೆ ಕೆಳಗೆ ಆಡುತ್ತಿರಬೇಕಿತ್ತು. ನಿಮ್ಮದು 54 ಮತ್ತು 48ರಲ್ಲೇ ನಿಂತಿದೆ, 48 ಎಂಬ ಮೆಟ್ಟಿಲು 11ಎನ್‌ನ ಆ ಪಟ್ಟಿಯಲ್ಲೇ ಇಲ್ಲ. ಅದು ಹಿಂದಿನ ಪೀಳಿಗೆಯ 11ಎ ಪಟ್ಟಿಯದು. ಅಂದರೆ ಲಿಂಕ್ 11ಎನ್ ಬಿಟ್ಟು 11ಎಗೆ ಬಿದ್ದಿದೆ. ಸೆಕ್ಯುರಿಟಿಯಲ್ಲಿ ಟಿಕೆಐಪಿ ಅಥವಾ ಡಬ್ಲ್ಯುಇಪಿ ಎಂಬ ಹಳೆಯ ಗೂಢಲಿಪಿ ಇದ್ದರೆ, ಇಲ್ಲವೇ ಡಬ್ಲ್ಯುಎಂಎಂ (ಡೇಟಾಕ್ಕೆ ಆದ್ಯತೆ ಕೊಡುವ ಸೆಟ್ಟಿಂಗ್) ಆಫ್ ಇದ್ದರೆ ಹೀಗಾಗುತ್ತದೆ, 11ಎನ್ ವೇಗಕ್ಕೆ ಇವುಗಳೊಡನೆ ಅನುಮತಿ ಇಲ್ಲ. ಡಬ್ಲ್ಯುಪಿಎ2, ಎಇಎಸ್ ಮಾತ್ರ ಇಡಿ, ಡಬ್ಲ್ಯುಎಂಎಂ ಆನ್ ಮಾಡಿ.

ಬದಲಿಸುವಾಗ ದೂರದ ತುದಿಯನ್ನೇ ಮೊದಲು ಬದಲಿಸಿ, ಆಮೇಲೆ ಹತ್ತಿರದ್ದು. ತಿರುವುಮುರುವಾದರೆ ಲಿಂಕ್ ಕಡಿದು, ಬಿಸಿಲಲ್ಲಿ ಗದ್ದೆ ಬದುವಿನ ಮೇಲೆ ನಡೆದು ಹೋಗಬೇಕಾದೀತು.

ಇನ್ನು ಲೆಕ್ಕ. 54 ಎಂಬುದು ಗಾಳಿಯಲ್ಲಿನ ವೇಗ, ಕೈಗೆ ಸಿಗುವುದು 20ರಿಂದ 25. ನಾಲ್ಕು ಕ್ಯಾಮೆರಾ 1080ಪಿ, ಎಚ್.264 (ವಿಡಿಯೊ ಕುಗ್ಗಿಸುವ ಪದ್ಧತಿ), ತಲಾ 4 ಎಂಬಿಪಿಎಸ್ ಎಂದುಕೊಂಡರೆ 16 ಅಲ್ಲೇ ಹೋಯಿತು. ವೈಫೈ ಹಾಫ್ ಡುಪ್ಲೆಕ್ಸ್, ಒಂದು ಸಲಕ್ಕೆ ಒಂದೇ ದಿಕ್ಕು. ಕ್ಯಾಮೆರಾ ಈ ದಿಕ್ಕಿಗೆ ಕಳಿಸುವ ಹೊತ್ತನ್ನು ನಿಮ್ಮ ಡೌನ್‌ಲೋಡಿನಿಂದಲೇ ಕಳೆಯಬೇಕು. ಉಳಿಯುವುದು 4ರಿಂದ 9, ನಿಮ್ಮ ಫೋನ್ ತೋರಿಸಿದ್ದೂ ಅದರೊಳಗೇ ಇದೆ. ಕ್ಯಾಮೆರಾಗಳನ್ನು ಎಚ್.265ಕ್ಕೆ ಹಾಕಿ 2 ಎಂಬಿಪಿಎಸ್‌ಗೆ ಇಳಿಸಿ. ಸಾಧ್ಯವಾದರೆ ಎನ್‌ವಿಆರ್‌ನ್ನೇ ಗೋದಾಮಿಗೆ ಒಯ್ಯಿರಿ. ಆಗ ಯಾರಾದರೂ ನೋಡಿದಾಗ ಮಾತ್ರ ಬ್ರಿಡ್ಜ್ ಮೇಲೆ ಭಾರ ಬೀಳುತ್ತದೆ. ಕಳ್ಳತನದ ಭಯಕ್ಕೆ ಎನ್‌ವಿಆರ್ ಮನೆಯಲ್ಲೇ ಇರಲಿ ಎನ್ನುವುದಾದರೆ ಅದೂ ಸರಿಯೇ, ಬಿಟ್‌ರೇಟ್ ಇಳಿಸಿದರೆ ಸಾಕು.

ಇನ್ನೊಂದು ಮಾತು. -68 ಮತ್ತು -74 ನಡುವೆ 6 ಡಿಬಿ ವ್ಯತ್ಯಾಸ ಇದೆ. ಹೋಗುವ ದಾರಿ, ಬರುವ ದಾರಿ ಒಂದೇ ಆಗಿರುವುದರಿಂದ ನಷ್ಟವೂ ಒಂದೇ ಇರಬೇಕು. ವ್ಯತ್ಯಾಸ ಬಂದಿದೆ ಎಂದರೆ ಎರಡು ತುದಿಗಳಲ್ಲಿ ಟ್ರಾನ್ಸ್‌ಮಿಟ್ ಪವರ್ ಬೇರೆ ಬೇರೆ ಇಟ್ಟಿದ್ದಾರೆ. ನೋಡಿ ಹೇಳಿ.

ಗಂಗಾವತಿ_ಕೇಬಲ್

ಸಿಂಧನೂರಿನವ್ರು ಹೇಳಿದ್ದು ಖರೆ ಐತ್ರಿ, ಆದ್ರ ಅದಕ್ಕಿಂತ ಮೊದ್ಲು ಒಂದು ನೋಡ್ಕೊಂಡು ಬಿಡ್ರಿ. 6ರಿಂದ 9 ಅಂದ ಕೂಡ್ಲೇ ಪೋರ್ಟ್ 10 ಎಂಬಿಪಿಎಸ್‌ಗೆ ಬಿದ್ದೈತೇನು ಅಂತ ಅನುಮಾನ ಬರ್ತೈತಿ. ಸ್ಟೇಟಸ್ ಪುಟದಾಗ ಲ್ಯಾನ್ ಅಂತ ಇರೋ ಕಡೆ 100 ಫುಲ್ ಅಂತ ಇರ್ಬೇಕು. 10 ಅಥವಾ ಹಾಫ್ ಅಂತ ಇದ್ರ ಕನೆಕ್ಟರ್ ಕೆಟ್ಟೈತಿ ಅಂತ ತಿಳ್ಕೊರ್ರಿ.

ನಮ್ಮ ಕಡೆ ಸಿಗೋ ಅಗ್ಗದ ಕೇಬಲ್ ಬಾಳ ಸಲ ಅಲ್ಯುಮಿನಿಯಂ ತಂತಿಗೆ ತಾಮ್ರ ಬಳದದ್ದು ಇರ್ತೈತಿ. ಒಂದು ಎಳಿ ಬ್ಲೇಡಿನಿಂದ ಕೆರದು ನೋಡ್ರಿ, ಒಳಗ ಬೆಳ್ಳಗ ಕಂಡ್ರ ಅದೇ. ಚಲೋ ತಾಮ್ರದ್ದಾದ್ರ 30 ಮೀಟರಿಗೆ ಹೆಚ್ಚುಕಡಿಮಿ 1 ವೋಲ್ಟ್ ಇಳಿತೈತಿ, ಇದರಾಗ ಒಂದೂವರಿ ಪಟ್ಟು. ಅಷ್ಟಕ್ಕ ಸಿಪಿಇ ಬಂದ್ ಆಗಂಗಿಲ್ಲ, ಆದ್ರ ಕನೆಕ್ಟರಿನಾಗ ಅಲ್ಯುಮಿನಿಯಂ ತುಕ್ಕು ಹಿಡಿತಂದ್ರ ವೋಲ್ಟೇಜ್ ಇನ್ನೂ ಬೀಳ್ತೈತಿ, ಲೋಡ್ ಬಂದಾಗ ಸಿಪಿಇ ತಾನ ರೀಸ್ಟಾರ್ಟ್ ಆಗ್ತೈತಿ. ಅಪ್‌ಟೈಮ್ ನೋಡಿದ್ರ ಗೊತ್ತಾಗ್ತೈತ್ರಿ. ಲೈಟ್ ಹೋಗದಿದ್ರೂ ಅಪ್‌ಟೈಮ್ ಮತ್ತ ಸೊನ್ನೆಯಿಂದ ಶುರು ಆಗಿದ್ರ ಕೇಬಲ್ ಬದ್ಲು ಮಾಡ್ರಿ. ಕರೀ ಕವಚದ ಹೊರಾಂಗಣ ಕ್ಯಾಟ್6, ಪೂರ್ತಿ ತಾಮ್ರದ್ದು ತಗೊರ್ರಿ. ಬೂದು ಕೇಬಲ್ ನಮ್ಮ ಬಿಸಿಲಿಗೆ ಸೀಳ್ತೈತಿ. ಜೋಡಣಿ ಎರಡೂ ಕಡೆ ಒಂದೇ ತರ ಇರ್ಲಿ: ಬಿಳಿ-ಕಿತ್ತಳಿ, ಕಿತ್ತಳಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈ ತರದ ಪಿಒಇದಾಗ ನೀಲಿ ಜೋಡಿ, ಕಂದು ಜೋಡಿ ಕರೆಂಟ್ ಒಯ್ತಾವು, ಕಿತ್ತಳಿ ಹಸಿರು ಡೇಟಾ ಒಯ್ತಾವು. ಅದಕ್ಕ ಸಿಪಿಇ ದೀಪ ಹತ್ತಿದ್ರೂ ಡೇಟಾ ಕೆಟ್ಟಿರಬಹುದು.

ಸಿಪಿಇ ಕೆಳಗ ಕೇಬಲ್ ಒಂದು ಬಳಕು ಕೊಟ್ಟು ಇಳಿಬಿಡ್ರಿ, ಮಳಿ ನೀರು ಪೋರ್ಟಿಗೆ ಹೋಗದಂಗ. ಪಿಒಇ ಅಡಾಪ್ಟರ್ ತಗಡಿನ ಕೆಳಗ ಇಡಬ್ಯಾಡ್ರಿ. ಈ ಅಡಾಪ್ಟರಿನ ಮಿತಿ ಸಾಮಾನ್ಯವಾಗಿ 40 ಡಿಗ್ರಿ, ಏಪ್ರಿಲ್ ಮೇ ತಿಂಗಳಾಗ ನಮ್ಮಲ್ಲಿ ನೆರಳಿನಾಗೇ ಅಷ್ಟಿರ್ತೈತಿ.

ಹಳೆ ರೂಟರ್ ವಿಷಯ: ಬ್ರಿಡ್ಜ್ ಕೇಬಲ್ ಅದರ ವ್ಯಾನ್ (ಇಂಟರ್ನೆಟ್) ಪೋರ್ಟಿಗೆ ಹಾಕಿದ್ರ ತೆಗೆದು ಲ್ಯಾನ್ ಪೋರ್ಟಿಗೆ ಹಾಕ್ರಿ, ಡಿಎಚ್‌ಸಿಪಿ (ಐಪಿ ವಿಳಾಸ ಹಂಚೋದು) ಬಂದ್ ಮಾಡ್ರಿ. ಎರಡೂ ಸಿಪಿಇಗೆ ಒಂದೇ ಐಪಿ ಉಳಿದಿರ್ತೈತಿ, ಅದನ್ನೂ ಬೇರೆ ಬೇರೆ ಮಾಡ್ರಿ.

ಕಾರಟಗಿ_ಕ್ಯಾಂಪ್

ಇಬ್ಬರಿಗೂ ಧನ್ಯವಾದ. ನೋಡಿದ್ದನ್ನೆಲ್ಲ ಬರೆಯುತ್ತೇನೆ.

ಪೋರ್ಟ್ ಎರಡೂ ಕಡೆ 100 ಫುಲ್. ಅಪ್‌ಟೈಮ್ ಸರಿಯಿದೆ. ಕೇಬಲ್ ಕೆರೆದು ನೋಡಿದೆ, ತಾಮ್ರವೇ.

ಸೆಕ್ಯುರಿಟಿ ಡಬ್ಲ್ಯುಪಿಎ, ಟಿಕೆಐಪಿ ಎಂದಿತ್ತು. ಏನೂ ಬದಲಿಸದೆ, ಕ್ಯಾಮೆರಾ ಕಿತ್ತು ಐಪರ್ಫ್3 ನಡೆಸಿದಾಗ 23, ಕ್ಯಾಮೆರಾ ಹಾಕಿದಾಗ 7. ಎಇಎಸ್‌ಗೆ ಬದಲಿಸಿದ ಮೇಲೆ ಟಿಎಕ್ಸ್ ಆರ್‌ಎಕ್ಸ್ 81ರಿಂದ 120ರ ನಡುವೆ ಆಡುತ್ತಿದೆ, ಕ್ಯಾಮೆರಾ ಇಲ್ಲದೆ 41 ಬಂತು. ಮನೆ ಕಡೆಯ ಪವರ್ 17 ಡಿಬಿಎಂ, ಹೊಲದ ಕಡೆ 23 ಇತ್ತು. ಎರಡನ್ನೂ 23 ಮಾಡಿದೆ, ಈಗ ಎರಡೂ ಕಡೆ -68. ಕ್ಯಾಮೆರಾಗಳನ್ನು ಎಚ್.265, 2 ಎಂಬಿಪಿಎಸ್ ಮಾಡಿದೆ. ಚಿತ್ರದಲ್ಲಿ ವ್ಯತ್ಯಾಸ ಕಾಣುತ್ತಿಲ್ಲ.

ಸಂಜೆ ಗಾಳಿಗೆ ಮಾತ್ರ ಈಗಲೂ 41 ಇದ್ದದ್ದು 25ಕ್ಕೆ ಇಳಿಯುತ್ತದೆ. ಇದು ಜಾಲಿಯಿಂದಲೇ ಇರಬೇಕು. ಕಡಿಸಿದರೆ ಸಾಕಾ?

ಮಸ್ಕಿ_ನೆಟ್

ಜಾಲಿ ಕಡಿಸಿ, ಅದೇ ಅಗ್ಗದ ದಾರಿ. ಸಿಗ್ನಲ್ ದಾರಿಯಲ್ಲಿ 10 ಮೀಟರ್ ಅಗಲ ತೆಗೆದರೆ ಸಾಕು. ಚಾನೆಲ್ ಆಟೋ ಬಿಡಬೇಡಿ. 52ರಿಂದ 64, 100ರಿಂದ 144ರ ಚಾನೆಲ್‌ಗಳಲ್ಲಿ ರೇಡಾರ್ ಸುಳಿವು ಸಿಕ್ಕಿತು ಎಂದರೆ ಸಾಧನ ಆ ಚಾನೆಲ್ ಬಿಟ್ಟು ಓಡಬೇಕು, ಲಿಂಕ್ ನಿಮಿಷಗಟ್ಟಲೆ ಬೀಳುತ್ತದೆ. ಬ್ರಿಡ್ಜ್‌ಗೆ 149 ಅಥವಾ 157 ಇಡಿ, ಮನೆಯೊಳಗಿನ ರೂಟರಿನ 5 ಗಿಗಾಹರ್ಟ್ಸನ್ನು 36ರಲ್ಲಿ ಇಡಿ. ಎರಡೂ ಒಂದೇ ಚಾನೆಲ್‌ನಲ್ಲಿದ್ದರೆ ಒಂದು ಮಾತಾಡುವಾಗ ಇನ್ನೊಂದು ಬಾಯಿ ಮುಚ್ಚಿಕೊಂಡು ಕಾಯಬೇಕಾಗುತ್ತದೆ. ಸ್ಪೆಕ್ಟ್ರಂ ಅನಾಲಿಸಿಸ್ ಇದ್ದರೆ ನಡೆಸಿ ನೋಡಿ, ಆದರೆ ಅದು ನಡೆಯುವಷ್ಟು ಹೊತ್ತು ಲಿಂಕ್ ಕಡಿದಿರುತ್ತದೆ. ಆಯಾ ತುದಿಯಲ್ಲಿ ವೈರಿನಲ್ಲೇ ಕೂತು ಮಾಡಿ.

ರಾಯಚೂರು_ಆರ್‌ಎಫ್

ಚಾನೆಲ್ ವಿಷಯ ಒಪ್ಪುತ್ತೇನೆ. ಜಾಲಿ ಕಡಿಯುವುದು ಮಾತ್ರ ಬೇಡ, ಕಾರಣ ಕೊನೆಗೆ ಹೇಳುತ್ತೇನೆ.

ಮೊದಲು ಎಷ್ಟು ಸಿಗ್ನಲ್ ಬರಬೇಕಿತ್ತು ಎಂದು ಲೆಕ್ಕ ಹಾಕೋಣ. 149ರ ಸುತ್ತ, ಅಂದರೆ ಸುಮಾರು 5755 ಮೆಗಾಹರ್ಟ್ಸ್‌ನಲ್ಲಿ, ಏನೂ ಅಡ್ಡವಿಲ್ಲದ 300 ಮೀಟರಿನ ನಷ್ಟ 97 ಡಿಬಿ. 23 ಡಿಬಿಎಂ ಪವರ್, ಈ ಕಡೆ ಆಂಟೆನಾ 13, ಆ ಕಡೆ 13, ಒಟ್ಟು 49. ಅದರಲ್ಲಿ 97 ಕಳೆದರೆ -48 ಡಿಬಿಎಂ. ಆಂಟೆನಾ ತಿರುವಿನ ಸಣ್ಣಪುಟ್ಟ ನಷ್ಟ ಬಿಟ್ಟರೂ -53ರೊಳಗೆ ಇರಬೇಕು. ನಿಮಗೆ ಸಿಗುತ್ತಿರುವುದು -68. ಕಾಣೆಯಾದ 15ರಿಂದ 20 ಡಿಬಿಯನ್ನು ಸೆಟ್ಟಿಂಗ್‌ನಲ್ಲಿ ಹುಡುಕಬೇಡಿ, ಅದು ದಾರಿಯಲ್ಲೇ ಹೋಗಿದೆ. ಪವರ್ ಏರಿಸಿ ತುಂಬಿಸುತ್ತೇನೆಂದು ದೇಶದ ಆಯ್ಕೆಯನ್ನು ಬದಲಿಸಲೂ ಬೇಡಿ. 5725ರಿಂದ 5875ರ ಪಟ್ಟಿ ನಮ್ಮಲ್ಲಿ ಪರವಾನಗಿ ಇಲ್ಲದೆ ಬಳಸಲು 2018ರಿಂದ ಮುಕ್ತ, ಆದರೆ ಅದಕ್ಕೆ ಪವರ್ ಮಿತಿ ಇದೆ. ದೇಶ ಇಂಡಿಯಾ ಎಂದೇ ಇರಲಿ.

ಈಗ ಎತ್ತರ. ಒಂದು ಆಂಟೆನಾ 7 ಮೀಟರ್, ಇನ್ನೊಂದು 4. ಹೊಲದ ಮನೆಯಿಂದ 100 ಮೀಟರ್ ದೂರದ ಏರಿಯ ಬಳಿ ನೇರ ರೇಖೆ ನೆಲದಿಂದ 5 ಮೀಟರ್ ಮೇಲೆ ಹಾಯುತ್ತದೆ. ಏರಿ ಒಂದೂವರೆ ಮೀಟರ್, ಜಾಲಿ 4 ಮೀಟರ್ ಎಂದುಕೊಂಡರೆ ಮರದ ತುದಿ 5.5ರಲ್ಲಿದೆ, ಅಂದರೆ ಸಿಗ್ನಲ್ ಎಲೆಗಳ ನಡುವಿನಿಂದಲೇ ತೂರಿ ಬರುತ್ತಿದೆ. ಗಾಳಿಗೆ ಇಳಿಯುವುದು ಇದಕ್ಕೇ. ಟೇಪು ಹಿಡಿದು ನಿಜವಾದ ಎತ್ತರ ಅಳೆದು ನನ್ನ ಸಂಖ್ಯೆಗಳನ್ನು ತಿದ್ದಿಕೊಳ್ಳಿ.

ರೇಖೆ ಮರದ ತುದಿಯನ್ನು ಸವರಿಕೊಂಡು ಹೋದರೂ ಸಾಲದು. ರೇಡಿಯೊ ಅಲೆಗೆ ರೇಖೆಯ ಸುತ್ತ ಜಾಗ ಬೇಕು, ಅದೇ ಫ್ರೆನೆಲ್ ವಲಯ. ಆ ಜಾಗದಲ್ಲಿ ಅದರ ತ್ರಿಜ್ಯ ಹೀಗೆ ಬರುತ್ತದೆ: ಅಲೆಯುದ್ದ 0.052 ಮೀಟರನ್ನು 100ರಿಂದ, 200ರಿಂದ ಗುಣಿಸಿ, 300ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 1.86 ಮೀಟರ್. ಅದರ 60 ಶೇಕಡಾ, ಅಂದರೆ 1.1 ಮೀಟರ್ ಖಾಲಿ ಇದ್ದರೆ ನಷ್ಟ ಗಣನೆಗೆ ಬಾರದು. ಹಾಗಾಗಿ ಏರಿಯ ಬಳಿ ರೇಖೆ 5.5ಕ್ಕೆ 1.1 ಸೇರಿಸಿ 6.6 ಮೀಟರಿನಲ್ಲಿ ಹಾಯಬೇಕು. ಮನೆಯ ಕಡೆ 7 ಹಾಗೇ ಇದ್ದರೆ ಹೊಲದ ಕಡೆ 6.4 ಮೀಟರ್ ಬೇಕು. ತಗ್ಗಿನಲ್ಲಿರುವ ಆ ತುದಿಯನ್ನು ಏರಿಸುವುದೇ ಲಾಭ, ಏರಿ ಅದಕ್ಕೇ ಹತ್ತಿರ.

20 ಅಡಿಯ ಒಂದೂವರೆ ಇಂಚಿನ ಜಿಐ ಪೈಪ್ ಒಂದು ತನ್ನಿ. ಬುಡವನ್ನು ನೆಲದಿಂದ 1 ಮೀಟರ್ ಮೇಲಿಟ್ಟು, ಗೋಡೆಗೆ ಮೂರು ಕಡೆ ಕ್ಲಾಂಪ್ ಹಾಕಿ. ತಗಡಿನ ಅಂಚಿನವರೆಗೆ 3 ಮೀಟರ್ ಗೋಡೆಗೆ ಹಿಡಿದಿರುತ್ತದೆ, 3 ಮೀಟರ್ ಮೇಲೆ ಚಾಚುತ್ತದೆ, ತುದಿ 7 ಮೀಟರಿಗೆ ಬರುತ್ತದೆ. ಸಿಪಿಇಯನ್ನು 6.7ರ ಸುತ್ತ ಕಟ್ಟಿ, ಜಾಲಿ ಸ್ವಲ್ಪ ಬೆಳೆದರೂ ನಡೆಯುತ್ತದೆ. ಮೇಲಿನ 3 ಮೀಟರಿಗೆ ಮೂರು ದಿಕ್ಕಿನಲ್ಲಿ ತಂತಿ ಬಿಗಿಯಿರಿ, ಕಂಬ ಅಲುಗಾಡಿದರೆ ಸಿಗ್ನಲ್ಲೂ ಆಡುತ್ತದೆ. ಬಯಲಿನಲ್ಲಿ ಎತ್ತರದ ಕಬ್ಬಿಣ ಎಂದರೆ ಸಿಡಿಲಿಗೆ ಕರೆ ಕೊಟ್ಟಂತೆ. ಪೈಪಿಗೆ ಪ್ರತ್ಯೇಕ ಅರ್ಥಿಂಗ್ ಮಾಡಿಸಿ, ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಹಾಕಿ. ಇದರಲ್ಲಿ ಉಳಿತಾಯ ಬೇಡ. ತಗಡಿನ ಅಂಚಿನಡಿ ಇದ್ದ ಸಿಪಿಇ ಮೇಲೆ ಬರುವುದರಿಂದ ತಗಡಿನ ಪ್ರತಿಫಲನವೂ ತಪ್ಪುತ್ತದೆ.

ದಿಕ್ಕು ಹೊಂದಿಸುವಾಗ ಒಬ್ಬರು ಪೈಪಿನ ಬಳಿ, ಒಬ್ಬರು ಆ್ಯಂಟೆನಾ ಅಲೈನ್‌ಮೆಂಟ್ ಪುಟದ ಮುಂದೆ ಫೋನಿನಲ್ಲಿ ಮಾತಾಡುತ್ತ ಇರಿ. 5 ಡಿಗ್ರಿ ತಿರುಗಿಸಿ, 10 ಸೆಕೆಂಡ್ ಬಿಟ್ಟು ಓದಿ. ಸಿಗ್ನಲ್ ಏರಿ ಮತ್ತೆ ಇಳಿಯುವವರೆಗೂ ತಿರುಗಿಸಿ, ನಡುವಿಗೆ ತಂದು ಬಿಗಿಯಿರಿ. ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆ. ಚೈನ್ 0, ಚೈನ್ 1 (ಸಿಪಿಇ ಒಳಗಿನ ಎರಡು ರೇಡಿಯೊ ದಾರಿ) ಎರಡರ ಓದು 3–4 ಡಿಬಿ ಒಳಗೆ ಹೊಂದಬೇಕು. ಒಂದು ಮಾತ್ರ ತುಂಬ ಕೆಳಗಿದ್ದರೆ ಎರಡು ಸ್ಟ್ರೀಮ್ ನಡೆಯದೆ ವೇಗ ಅರ್ಧಕ್ಕೆ ನಿಲ್ಲುತ್ತದೆ. ದೂರ (ಡಿಸ್ಟನ್ಸ್) ಎಂಬ ಸೆಟ್ಟಿಂಗನ್ನು ಆಟೋ ಅಥವಾ 0.3 ಕಿಲೋಮೀಟರ್ ಇಡಿ.

ಇನ್ನು ಜಾಲಿಯನ್ನು ಯಾಕೆ ಬಿಡಬೇಕು ಎಂದರೆ, ನಿಮ್ಮ ಗದ್ದೆಯಲ್ಲಿ ನೀರಿದೆ. ನಾಟಿ ಹೊತ್ತಿಗೆ ತುಂಬಿ ನಿಂತ ನೀರಿನ ಮೇಲೆ ಎರಡೂವರೆ ಡಿಗ್ರಿಯಷ್ಟು ಚಪ್ಪಟೆ ಕೋನದಲ್ಲಿ ಬೀಳುವ ಅಲೆ ಬಹುಪಾಲು ಹಾಗೇ ಪುಟಿದು ಎದುರು ಆಂಟೆನಾ ಸೇರುತ್ತದೆ. ನೇರ ಬಂದ ಅಲೆಗೆ ಅದು ಕೂಡಬಹುದು, ಇಲ್ಲವೇ ಅದನ್ನು ಕಳೆಯಬಹುದು. ಬಯಲು ಗದ್ದೆಯ ಲಿಂಕ್‌ಗಳು ಬೇಸಿಗೆಯಲ್ಲಿ ಚೆನ್ನಾಗಿದ್ದು ಕಾಲುವೆಗೆ ನೀರು ಬಿಟ್ಟ ಮೇಲೆ ಕೆಡುವುದಕ್ಕೆ ಇದು ಕಾರಣ. ನಿಮ್ಮಲ್ಲಿ ಪುಟಿಯುವ ಜಾಗ ಹೆಚ್ಚುಕಡಿಮೆ ನಡುವೆ, 150 ಮೀಟರಿನಲ್ಲಿ. ಅಲ್ಲಿಂದ ಏಳುವ ಕಿರಣ ಏರಿಯನ್ನು 2.2 ಮೀಟರ್ ಎತ್ತರದಲ್ಲಿ ದಾಟಬೇಕು, ಅಲ್ಲಿ ಜಾಲಿಯ ದಟ್ಟ ಪೊದೆ ಇದೆ. ನೇರ ಕಿರಣ ಮೇಲಿನಿಂದ ಹಾಯುತ್ತದೆ, ಪುಟಿದದ್ದು ಪೊದೆಯಲ್ಲಿ ಸಾಯುತ್ತದೆ. ಇಂಥ ತಡೆ ಬೇಕೆಂದರೂ ಎಲ್ಲರಿಗೂ ಸಿಗುವುದಿಲ್ಲ. ತಲೆ ಮಾತ್ರ ಸವರಿಸಿ. ಬುಡಕ್ಕೆ ಕಡಿದರೂ ಅದು ಚಿಗುರದೆ ಬಿಡುವ ಗಿಡವಲ್ಲ, ಏರಿಯೂ ನಿಮ್ಮದಲ್ಲ, ನೀರಾವರಿ ಇಲಾಖೆಯನ್ನು ಕೇಳಬೇಕು.

ಮಸ್ಕಿ_ನೆಟ್

ಪುಟಿಯುವ ಕಿರಣದ ಮಾತು ಸರಿ, ಜಾಲಿ ಬಿಡಿ. ಏರಿಯೇ ಇಲ್ಲದ ಬಯಲಿನಲ್ಲಿ ಇದೇ ತೊಂದರೆ ಬಂದವರು ಏನು ಮಾಡಬೇಕು? ಸಿರುಗುಪ್ಪ ಕಡೆ ಅಂಥ ಲಿಂಕ್ ಬಹಳ.

ರಾಯಚೂರು_ಆರ್‌ಎಫ್

ಒಂದು ತುದಿಯ ಎತ್ತರ ಬದಲಿಸಬೇಕು. ಕಳೆಯುವ ಸ್ಥಿತಿಯಿಂದ ಕೂಡುವ ಸ್ಥಿತಿಗೆ ಬರಲು ಎಷ್ಟು ಸರಿಸಬೇಕು ಎಂಬುದಕ್ಕೆ ಅಲೆಯುದ್ದವನ್ನು ದೂರದಿಂದ ಗುಣಿಸಿ, ಎದುರು ಆಂಟೆನಾದ ಎತ್ತರದ ನಾಲ್ಕು ಪಟ್ಟಿನಿಂದ ಭಾಗಿಸಿ. 300 ಮೀಟರ್, ಎದುರಿಗೆ 7 ಮೀಟರ್ ಇದ್ದರೆ 56 ಸೆಂಟಿಮೀಟರ್, ಎರಡಡಿಗೆ ತುಸು ಕಡಿಮೆ. ಗದ್ದೆಯಲ್ಲಿ ನೀರು ನಿಂತಿರುವಾಗಲೇ ಸಿಪಿಇಯನ್ನು ಪೈಪಿನ ಮೇಲೆ ಅರ್ಧರ್ಧ ಅಡಿ ಸರಿಸುತ್ತ ಸಿಗ್ನಲ್ ಬರೆದುಕೊಳ್ಳಿ, ಚೆನ್ನಾಗಿರುವ ಕಡೆ ಬಿಗಿಯಿರಿ. ಒಣಗಿದ ಗದ್ದೆಯಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ.

ಕಾರಟಗಿ_ಕ್ಯಾಂಪ್

ಪೈಪ್ ನಿಲ್ಲಿಸಿದೆವು, ಸಿಪಿಇ 6.7 ಮೀಟರಿನಲ್ಲಿದೆ, ಚಾನೆಲ್ 149. ಸಿಗ್ನಲ್ ಎರಡೂ ಕಡೆ -52, ಚೈನ್‌ಗಳ ನಡುವೆ 2 ಡಿಬಿ. ಟಿಎಕ್ಸ್ ಆರ್‌ಎಕ್ಸ್ 270, 300. ಐಪರ್ಫ್3 ಎರಡೂ ದಿಕ್ಕಿಗೆ 94ರಲ್ಲಿ ನಿಂತಿದೆ, ಗಾಳಿಗೂ ಇಳಿಯಲಿಲ್ಲ. ಆದರೆ ಫೋನಿನಲ್ಲಿ ಈಗಲೂ 30–35 ಅಷ್ಟೇ.

ಸಿಂಧನೂರು_ಲಿಂಕ್

94 ಎಂದರೆ 100ರ ಪೋರ್ಟ್ ಪೂರ್ತಿ ತುಂಬಿದೆ, ಈ ಸಿಪಿಇಯಲ್ಲಿ ಅದಕ್ಕಿಂತ ಮೇಲೆ ಹೋಗದು. 150 ಪೂರ್ತಿ ಬೇಕಾದರೆ ಗಿಗಾಬಿಟ್ ಪೋರ್ಟಿನ 11ಎಸಿ (11ಎನ್‌ನ ಮುಂದಿನ ಪೀಳಿಗೆ) ಜೋಡಿ ಬೇಕು, ಕ್ಯಾಮೆರಾ ಮತ್ತು ಫೋನಿಗೆ ಆ ಖರ್ಚು ದಂಡ. ಫೋನಿನ 30–35 ಹಳೆ ರೂಟರಿನ 2.4 ಗಿಗಾಹರ್ಟ್ಸ್‌ನದು. ಅದನ್ನು 20 ಮೆಗಾಹರ್ಟ್ಸ್ ಅಗಲಕ್ಕೆ, ಚಾನೆಲ್ 1, 6, 11ರಲ್ಲಿ ಖಾಲಿ ಇರುವುದಕ್ಕೆ ಹಾಕಿ, ಸೆಕ್ಯುರಿಟಿ ಅಲ್ಲೂ ಟಿಕೆಐಪಿ ಇದೆಯೇ ನೋಡಿ. ಅಷ್ಟಕ್ಕೂ ಸಾಲದಿದ್ದರೆ ಆ ಜಾಗಕ್ಕೆ ಎರಡೂ ಬ್ಯಾಂಡ್ ಇರುವ ಆಕ್ಸೆಸ್ ಪಾಯಿಂಟ್ ಒಂದು ಹಾಕಿ, ಅದರ 5 ಗಿಗಾಹರ್ಟ್ಸನ್ನು 36ರಲ್ಲಿಡಿ, 149ರ ಹತ್ತಿರ ತರಬೇಡಿ.